ದಿಮ್ಮಿ ಸೀಳಲು ಚೈನನ್ನು 10 ಡಿಗ್ರಿಗೇ ಅರ ಹಾಕಬೇಕೇ?

ಪ್ರಶ್ನೆ: ಮಿಲ್ ಚೌಕಟ್ಟಿಗೆ (ದಿಮ್ಮಿಯ ಉದ್ದಕ್ಕೂ ಗರಗಸವನ್ನು ಒಂದೇ ಮಟ್ಟದಲ್ಲಿ ಓಡಿಸುವ ಚೌಕಟ್ಟು) ಚೈನ್‌ಸಾ ಬಿಗಿದು ಹಲಗೆ ಸೀಳುತ್ತಿದ್ದೇನೆ. ಅರ್ಧ ದಿಮ್ಮಿಗೇ ಯಂತ್ರ ಏದುಸಿರು ಬಿಡುತ್ತದೆ. ಚೈನಿನ ಹಲ್ಲುಗಳನ್ನು 30 ಡಿಗ್ರಿಯಿಂದ 10 ಡಿಗ್ರಿಗೆ ತಂದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ. ಬಹುಶಃ ನಿಮ್ಮ ಚೈನು ಮೊಂಡಾಗಿದೆ, ಅಷ್ಟೆ. ಈ ಪ್ರಶ್ನೆ ಕೇಳುವವರೆಲ್ಲ ಡಿಗ್ರಿಯ ಲೆಕ್ಕ ತಪ್ಪದೇ ಬರೆಯುತ್ತಾರೆ. ಕೊನೆಯ ಸಲ ಅರ ಹಾಕಿದ್ದು ಯಾವಾಗ ಎಂದು ಮಾತ್ರ ಯಾರೂ ಬರೆಯುವುದಿಲ್ಲ.

10 ಡಿಗ್ರಿಯ ಮಂತ್ರ ಎಲ್ಲಿಂದ ಬಂತು ಎಂದು ನೋಡೋಣ. ಮರವನ್ನು ಅಡ್ಡ ಕೊಯ್ಯುವ ಚೈನಿನಲ್ಲಿ ಹಲ್ಲಿನ ಅಂಚು, ಚೈನು ಓಡುವ ದಿಕ್ಕಿಗೆ ನೇರ ಅಡ್ಡವಾದ ಗೆರೆಯಿಂದ, ಸಾಮಾನ್ಯವಾಗಿ 25ರಿಂದ 35 ಡಿಗ್ರಿ ಓರೆಯಾಗಿರುತ್ತದೆ. ಓರೆ ಹೆಚ್ಚಿದಷ್ಟೂ ಎಡದ ಹಲ್ಲು ಎಡಕ್ಕೆ, ಬಲದ ಹಲ್ಲು ಬಲಕ್ಕೆ ಎಳೆಯುತ್ತದೆ. ಅಡ್ಡ ಕೊಯ್ತದಲ್ಲಿ ನಾರಿನ ಅಂಚನ್ನು ಕತ್ತರಿಸಲು ಆ ಎಳೆತ ಬೇಕು. ಹಲಗೆ ಸೀಳುವಾಗ ಅದೇ ಎಳೆತ ಹಲಗೆಯ ಮುಖದ ಮೇಲೆ ಗೀರುಗಳಾಗಿ ಉಳಿಯುತ್ತದೆ. ಓರೆ 10ಕ್ಕೆ ಇಳಿದರೆ ಚೈನು ಅಲುಗಾಡದೆ ನೇರವಾಗಿ ಓಡುತ್ತದೆ, ಹಲಗೆ ನುಣುಪಾಗುತ್ತದೆ, ಆಮೇಲೆ ಕೀಸುಳಿ ಹಿಡಿಯುವವರಿಗೆ ಕೆಲಸ ಕಡಿಮೆ. ಲಾಭ ಇಷ್ಟೇ. ಇದು ನುಣುಪಿನ ಮಾತು; ವೇಗದ ಮಾತೆಂದು ಯಾರು ಹಬ್ಬಿಸಿದರೋ! ಹರಿತವಾದ 30 ಡಿಗ್ರಿಯ ಚೈನು ಮೊಂಡಾದ 10 ಡಿಗ್ರಿಯ ಚೈನನ್ನು ಯಾವ ಮರದಲ್ಲಾದರೂ ಹಿಂದೆ ಹಾಕುತ್ತದೆ.

ಇನ್ನೊಂದು ವಿಷಯ. ಓರೆ ಇಳಿಸಬೇಕೆಂದರೆ ಹಲ್ಲಿನ ಮುಂದೆ ಚಾಚಿದ ಮೂಲೆಯನ್ನೇ ಅರದಿಂದ ಉಜ್ಜಿ ತೆಗೆಯಬೇಕು. ಒಂದೇ ಕೂತಲ್ಲಿ 20 ಡಿಗ್ರಿ ಇಳಿಸಿದವರು ಅರ್ಧ ಚೈನನ್ನು ಪುಡಿ ಮಾಡಿ ನೆಲಕ್ಕೆ ಸುರಿದಂತೆ. ಬೇಕೇ ಬೇಕೆಂದರೆ ಪ್ರತಿ ಸಲ ಅರ ಹಾಕುವಾಗ ಒಂದೆರಡು ಡಿಗ್ರಿ ಇಳಿಸುತ್ತ ಹೋಗಿ. ಅವಸರವಿದ್ದರೆ ಸೀಳುವುದಕ್ಕೆಂದೇ ಮಾಡಿದ ಚೈನು ಸಿಗುತ್ತದೆ, ಕೊಳ್ಳಿ.

ಮೊಂಡು ಎಂದು ತಿಳಿಯುವುದು ಹೇಗೆ? "ಪುಡಿ ಬಂದರೆ ಮೊಂಡು, ಚಕ್ಕೆ ಬಂದರೆ ಹರಿತ" ಎಂಬ ಅಡ್ಡ ಕೊಯ್ತದ ಪಾಠ ಇಲ್ಲಿ ಅಷ್ಟಾಗಿ ನಡೆಯದು. ಮಿಲ್ಲಿನಲ್ಲಿ ಹಲ್ಲುಗಳು ನಾರಿನ ತುದಿಯನ್ನು ಹೆರೆಯುತ್ತವೆ, ಹಾಗಾಗಿ ಹರಿತವಾದ ಚೈನಿನಿಂದಲೂ ಸಣ್ಣ ಪುಡಿಯೇ ಬರುತ್ತದೆ. ಹಲ್ಲಿನ ಅಂಚನ್ನು ಬೆಳಕಿಗೆ ಹಿಡಿಯಿರಿ. ಬಿಳಿ ಗೆರೆ ಮಿನುಗಿದರೆ ಅದು ಮೊಂಡು. ಹರಿತವಾದ ಅಂಚು ಬೆಳಕನ್ನು ಹಿಂದಿರುಗಿಸುವುದಿಲ್ಲ. ಯಂತ್ರವನ್ನು ಮೈಭಾರ ಹಾಕಿ ತಳ್ಳಬೇಕಾಗಿ ಬಂದರೆ ಅಷ್ಟೂ ನೋಡುವ ಅಗತ್ಯವಿಲ್ಲ. ಟ್ಯಾಂಕಿಗೆ ಪೆಟ್ರೋಲ್ ತುಂಬಿದಾಗಲೆಲ್ಲ ಪ್ರತಿ ಹಲ್ಲಿಗೂ ಎರಡು ಮೂರು ಸಲ ಅರ ಹಾಕಿಬಿಡಿ, ಮುಗಿಯಿತು.

ಅರದ ದಪ್ಪ ಚೈನಿಗೆ ಹೊಂದಬೇಕು: .325 ಇಂಚಿನ ಪಿಚ್‌ಗೆ (ಪಿಚ್ ಎಂದರೆ ಚೈನಿನ ಕೊಂಡಿಗಳ ಅಂತರದ ಅಳತೆ) 4.8 ಮಿ.ಮೀ., ಪೂರ್ಣ 3/8ಕ್ಕೆ 5.2 ಅಥವಾ 5.5, ತಗ್ಗು ಎತ್ತರದ (ಲೋ ಪ್ರೊಫೈಲ್) 3/8ಕ್ಕೆ 4. ಅರವನ್ನು ಹಲ್ಲಿನ ಒಳಗಿನಿಂದ ಹೊರಕ್ಕೆ ತಳ್ಳಿ. ಹಿಂದಕ್ಕೆ ತರುವಾಗ ಎತ್ತಿಕೊಳ್ಳಿ. ಹಲ್ಲಿನ ಮುಂದಿರುವ ಡೆಪ್ತ್ ಗೇಜ್, ಅಂದರೆ ಹಲ್ಲು ಎಷ್ಟು ಆಳ ಕಚ್ಚಬೇಕೆಂದು ತಡೆಯುವ ಉಬ್ಬು, ಹಲ್ಲಿನ ಅಂಚಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಲಿ. ಬೇಗ ಕೊಯ್ಯಲೆಂದು ಅದನ್ನು ಇನ್ನೂ ತಗ್ಗಿಸಿದರೆ ಪ್ರತಿ ಹಲ್ಲೂ ದೊಡ್ಡ ತುತ್ತು ಬಾಚಿ ಎಂಜಿನ್ ಉಸಿರುಗಟ್ಟುತ್ತದೆ. ಹಲಗೆ ಮುಗಿಯುವವರೆಗೂ ಪೂರ್ತಿ ಥ್ರಾಟಲ್‌ನಲ್ಲಿ ದುಡಿಯುವ ಎಂಜಿನ್ ಅದು, ಪಾಪ.

ಇಷ್ಟು ಹೇಳಿದ ಮೇಲೆ, ನೀವು ಕೇಳದಿದ್ದರೂ, ಹಲಗೆ ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ ಬರುವುದೇಕೆ ಎಂಬುದನ್ನೂ ಹೇಳಿಬಿಡುತ್ತೇನೆ. ಬಲಗೈ ರೂಢಿಯವರು ಒಂದು ಬದಿಯ ಹಲ್ಲುಗಳಿಗೆ ಗೊತ್ತಿಲ್ಲದೆಯೇ ಹೆಚ್ಚು ಒತ್ತು ಕೊಡುತ್ತಾರೆ. ಆ ಬದಿಯ ಹಲ್ಲುಗಳು ಗಿಡ್ಡವಾಗುತ್ತವೆ. ಹಲ್ಲಿನ ನೆತ್ತಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಗಿಡ್ಡವಾದದ್ದು ತಗ್ಗೂ ಆಗುತ್ತದೆ. ಆಗ ಉದ್ದ ಹಲ್ಲಿನ ಬದಿಯೇ ಹೆಚ್ಚು ಕಚ್ಚಿ, ಚೈನು ಸುತ್ತುವ ಉದ್ದ ಪಟ್ಟಿಯನ್ನು, ಅಂದರೆ ಬಾರನ್ನು, ತನ್ನತ್ತ ಎಳೆಯುತ್ತದೆ. ಕ್ಯಾಲಿಪರ್ (ಸಣ್ಣ ಅಳತೆ ತೆಗೆಯುವ ಸಾಧನ) ಹಿಡಿದು ಅತಿ ಗಿಡ್ಡ ಹಲ್ಲನ್ನು ಹುಡುಕಿ, ಉಳಿದವನ್ನೆಲ್ಲ ಅದರ ಅಳತೆಗೆ ತನ್ನಿ. ಹಲ್ಲುಗಳೆಲ್ಲ ಸಮವಾದ ಮೇಲೂ ಸೀಳು ವಾಲಿದರೆ ದೋಷ ಬಾರಿನದು: ಚೈನು ಓಡುವ ಅದರ ಎರಡು ಹಳಿಗಳಲ್ಲಿ ಒಂದು ಹೆಚ್ಚು ಸವೆದಿರುತ್ತದೆ. ಚಪ್ಪಟೆ ಅರದಿಂದ ಎರಡನ್ನೂ ಒಂದೇ ಎತ್ತರಕ್ಕೆ ತಂದು, ಮುಂದಿನ ಸಲ ಬಾರನ್ನು ತಲೆಕೆಳಗು ಮಾಡಿ ಹಾಕಿ.