ಹಿರೊಕಾಜು ಕೊರೆ-ಎಡಾ: ಸಾಕ್ಷ್ಯಚಿತ್ರದಲ್ಲಿ ಪಳಗಿದ ಕಣ್ಣು

ಜಪಾನಿನ ನಿರ್ದೇಶಕ ಹಿರೊಕಾಜು ಕೊರೆ-ಎಡಾ ಅವರ ಚಿತ್ರಗಳ ಬಗ್ಗೆ ಬರೆಯುವವರು ಅವರನ್ನು ಹಿಂದಿನ ತಲೆಮಾರಿನ ಜಪಾನಿ ನಿರ್ದೇಶಕ ಯಾಸುಜಿರೊ ಓಜು ಅವರ ಉತ್ತರಾಧಿಕಾರಿ ಎಂದು ಕರೆಯುವುದು ರೂಢಿ. ಮನೆ, ಊಟ, ಹೆತ್ತವರು ಮತ್ತು ಮಕ್ಕಳ ನಡುವಿನ ಮಾತು-ಮೌನ ಇಬ್ಬರಲ್ಲೂ ಇರುವುದರಿಂದ ಹಾಗೆನ್ನುವುದು ಸುಲಭ. ಆದರೆ ಆ ಹೋಲಿಕೆಯನ್ನೇ ಹಿಡಿದು ಕುಳಿತರೆ ಅವರ ಶೈಲಿಯ ಬೇರು ಕಣ್ಣಿಗೆ ಬೀಳುವುದಿಲ್ಲ. ತಾವು ಜಪಾನಿನದೇ ನಿರ್ದೇಶಕ ಮಿಕಿಯೊ ನರುಸೆ ಮತ್ತು ಬ್ರಿಟನ್ನಿನ ನಿರ್ದೇಶಕ ಕೆನ್ ಲೋಚ್ ಅವರಿಗೆ ಹೆಚ್ಚು ಹತ್ತಿರ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆ ಬೇರನ್ನು ಟೆಲಿವಿಷನ್ ಸಾಕ್ಷ್ಯಚಿತ್ರಗಳಲ್ಲಿ ಹುಡುಕಬೇಕೆಂಬುದು ಈ ಟಿಪ್ಪಣಿಯ ವಾದ.

1962ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಅವರು ವಾಸೆಡಾ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, 1987ರಲ್ಲಿ ಟಿವಿ ಮ್ಯಾನ್ ಯೂನಿಯನ್ ಎಂಬ ನಿರ್ಮಾಣ ಸಂಸ್ಥೆಯನ್ನು ಸೇರಿದರು. 1991ರ ಅವರ ಎರಡು ಸಾಕ್ಷ್ಯಚಿತ್ರಗಳನ್ನು ಗಮನಿಸಬೇಕು. ಮೊದಲನೆಯದು, ಮಿನಾಮಾಟಾ ಎಂಬ ಊರಿನ ಪಾದರಸ ವಿಷದ ಸಂತ್ರಸ್ತರ ಪರಿಹಾರದ ಮಾತುಕತೆಯ ಹೊಣೆ ಹೊತ್ತು, ಕೊನೆಗೆ ಆತ್ಮಹತ್ಯೆ ಮಾಡಿಕೊಂಡ ಸರ್ಕಾರಿ ಅಧಿಕಾರಿಯೊಬ್ಬರನ್ನು ಕುರಿತದ್ದು. ಎರಡನೆಯದು ನಾಗಾನೊ ಪ್ರಾಂತ್ಯದ ಇನಾ ಪ್ರಾಥಮಿಕ ಶಾಲೆಯಲ್ಲಿ ಚಿತ್ರಿತವಾದದ್ದು. ಅಲ್ಲಿನ ಒಂದು ತರಗತಿಯ ಮಕ್ಕಳು ಲಾರಾ ಎಂಬ ಕರುವನ್ನು ಸಾಕಿ ಬೆಳೆಸುತ್ತಾರೆ. ಅದು ಗಬ್ಬವಾಗುತ್ತದೆ, ಆದರೆ ದಿನ ತುಂಬುವ ಮೊದಲೇ ಹಾಕಿದ ಕರು ಸತ್ತುಹೋಗುತ್ತದೆ. ಆದರೂ ಲಾರಾಳ ಹಾಲು ಕರೆಯಲೇಬೇಕು. ಹಾಲು ಸಿಕ್ಕ ಸಂತೋಷ ಮತ್ತು ಕರು ಸತ್ತ ದುಃಖ ಎರಡೂ ಆ ಮಕ್ಕಳು ಬರೆದ ಕವಿತೆಗಳಲ್ಲಿ ಒಂದಕ್ಕೊಂದು ಬೆರೆತು ಬರುತ್ತವೆ. ಸಾವಿನ ನಂತರ ಉಳಿದವರು ಹೇಗೆ ಬದುಕುತ್ತಾರೆ ಎಂಬ, ಮುಂದೆ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಪ್ರಶ್ನೆ ಈ ಶಾಲೆಯಲ್ಲೇ ಮೊಳೆತಿತ್ತು.

ಮೊದಲ ಕಥಾಚಿತ್ರ ‘ಮಾಬೊರೊಸಿ’ (1995) ವೆನಿಸ್ ಚಿತ್ರೋತ್ಸವದಲ್ಲಿ ಮೆಚ್ಚುಗೆ ಪಡೆಯಿತು. ಅದರ ಪ್ರತಿಯೊಂದು ದೃಶ್ಯದ ಚಿತ್ರಫಲಕವನ್ನು (ಸ್ಟೋರಿಬೋರ್ಡ್) ಅವರು ಮೊದಲೇ ಬರೆದಿಟ್ಟುಕೊಂಡಿದ್ದರು. ತಂತ್ರವೇನೋ ಚೆನ್ನಾಗಿದೆ, ಆದರೆ ನಟರ ಅಭಿನಯವನ್ನು ನೋಡುವ ಮೊದಲೇ ಕ್ಯಾಮೆರಾ ಎಲ್ಲಿಡಬೇಕೆಂದು ಹೇಗೆ ಗೊತ್ತಾಯಿತು ಎಂದು ತೈವಾನಿನ ನಿರ್ದೇಶಕ ಹೌ ಶಿಯಾವೊ-ಶಿಯೆನ್ ಕೇಳಿದ್ದು ಅವರನ್ನು ಬಹಳ ಕಾಲ ಕಾಡಿತು. ಇದೊಂದು ಪ್ರಶ್ನೆ ಅವರ ಮುಂದಿನ ದಾರಿಯನ್ನೇ ತಿರುಗಿಸಿತು ಎನ್ನಬಹುದು. ‘ಆಫ್ಟರ್ ಲೈಫ್’ (1998) ಚಿತ್ರಕ್ಕಾಗಿ ಅವರು ಸುಮಾರು 500 ಜನರನ್ನು ಅವರ ಬದುಕಿನ ಅತ್ಯಂತ ಪ್ರಿಯವಾದ ನೆನಪಿನ ಬಗ್ಗೆ ಮಾತನಾಡಿಸಿದರು. ಅವರಲ್ಲಿ ಕೆಲವರು ವೃತ್ತಿನಟರ ನಡುವೆ ತಮ್ಮದೇ ನೆನಪನ್ನು ಹೇಳುತ್ತ ಚಿತ್ರದಲ್ಲೇ ಕಾಣಿಸಿಕೊಂಡರು.

ಸಾಕ್ಷ್ಯಚಿತ್ರದಂಥ ಈ ವಿಧಾನ ಪೂರ್ಣವಾಗಿ ಫಲಿಸಿದ್ದು ‘ನೋಬಡಿ ನೋಸ್’ (2004) ಚಿತ್ರದಲ್ಲಿ. 1988ರಲ್ಲಿ ಟೋಕಿಯೊದಲ್ಲಿ ಬೆಳಕಿಗೆ ಬಂದ, ತಾಯಿ ತೊರೆದುಹೋದ ಮಕ್ಕಳ ನೈಜ ಪ್ರಕರಣ ಇದರ ಮೂಲ. ಋತುಗಳು ಬದಲಾದಂತೆ ಮಕ್ಕಳೂ ನಿಜವಾಗಿ ಬೆಳೆಯಲೆಂದು ಚಿತ್ರೀಕರಣವನ್ನು ಸುಮಾರು ಒಂದು ವರ್ಷದುದ್ದಕ್ಕೆ ಹರಡಿದರು. ಮಕ್ಕಳ ಕೈಗೆ ಚಿತ್ರಕಥೆ ಕೊಡದೆ, ಆಯಾ ದಿನದ ಮಾತನ್ನು ಅಲ್ಲೇ ಬಾಯಿಮಾತಿನಲ್ಲಿ ಹೇಳಿಕೊಟ್ಟರು. ತಾಯಿ ಮಗಳ ಉಗುರಿಗೆ ಹಚ್ಚಿದ ಬಣ್ಣ ಅಳಿಸುತ್ತ ಹೋಗುವುದನ್ನು ಕ್ಯಾಮೆರಾ ಹತ್ತಿರದಿಂದ ನೋಡುತ್ತದೆಯೇ ಹೊರತು, ತಾಯಿಯ ಮೇಲೆ ತೀರ್ಪು ಹೇಳಲು ಹೋಗುವುದಿಲ್ಲ. ಹಿರಿಯ ಮಗನ ಪಾತ್ರ ಮಾಡಿದ ಯೂಯಾ ಯಾಗಿರಾ 14ನೇ ವಯಸ್ಸಿನಲ್ಲೇ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಪಡೆದನು.

ಕೊರೆ-ಎಡಾ ತಮ್ಮ ತಾಯಿಯ ಮರಣದ ನಂತರ ಮಾಡಿದ ‘ಸ್ಟಿಲ್ ವಾಕಿಂಗ್’ (2008) ನನಗೆ ಅವರ ಶ್ರೇಷ್ಠ ಕೃತಿಯಾಗಿ ಕಾಣುತ್ತದೆ. ನೀರಿನಲ್ಲಿ ಮುಳುಗುತ್ತಿದ್ದ ಹುಡುಗನನ್ನು ಉಳಿಸಲು ಹೋಗಿ ಹಿರಿಯ ಮಗ ಸತ್ತಿದ್ದಾನೆ. ಬದುಕುಳಿದ ಆ ಹುಡುಗನನ್ನು ತಾಯಿ ಪ್ರತಿವರ್ಷ ಪುಣ್ಯತಿಥಿಗೆ ಕರೆಯುತ್ತಾಳೆ. ಇನ್ನು ಸಾಕು, ಅವನನ್ನು ಬಿಟ್ಟುಬಿಡೋಣ ಎಂದು ಕಿರಿಯ ಮಗ ಹೇಳಿದಾಗ, ಅವನು ಮರೆಯಬಾರದೆಂದೇ ಕರೆಯುತ್ತೇನೆ ಎಂದು ಅವಳು ಕೈಯಲ್ಲಿನ ಹೆಣಿಗೆಯನ್ನು ನಿಲ್ಲಿಸದೆಯೇ ಉತ್ತರಿಸುತ್ತಾಳೆ. ಅಡುಗೆಮನೆಯ ಸಂಭ್ರಮದಲ್ಲಿ ಅದುವರೆಗೆ ಬಚ್ಚಿಟ್ಟುಕೊಂಡಿದ್ದ ಕ್ರೌರ್ಯ ಇಲ್ಲಿ ದನಿ ಏರಿಸದೆ ಹೊರಬರುತ್ತದೆ. ಆ ತಾಯಿಯಾಗಿ ನಟಿಸಿದವರು ಕಿಕಿ ಕಿರಿನ್. ಮುಂದೆಯೂ ಅವರು ಕೊರೆ-ಎಡಾ ಅವರ ಹಲವು ಚಿತ್ರಗಳಲ್ಲಿದ್ದರು.

ಆಸ್ಪತ್ರೆಯಲ್ಲಿ ಅದಲುಬದಲಾದ ಮಕ್ಕಳ ಕಥೆಯಾದ ‘ಲೈಕ್ ಫಾದರ್, ಲೈಕ್ ಸನ್’ 2013ರಲ್ಲಿ ಕಾನ್‌ನ ತೀರ್ಪುಗಾರರ ಪ್ರಶಸ್ತಿಯನ್ನೂ, ‘ಶಾಪ್‌ಲಿಫ್ಟರ್ಸ್’ 2018ರಲ್ಲಿ ಅಲ್ಲಿನ ಅತ್ಯುನ್ನತ ಗೌರವವಾದ ಪಾಮ್ ದೋರ್ ಅನ್ನೂ ಪಡೆದವು. 1997ರಲ್ಲಿ ಶೊಹೇಯಿ ಇಮಾಮುರಾ ಅವರಿಗೆ ಸಂದ ಬಳಿಕ ಜಪಾನಿನ ನಿರ್ದೇಶಕರೊಬ್ಬರಿಗೆ ಅದು ಸಿಕ್ಕಿದ್ದು ಆಗಲೇ. ಕಳ್ಳತನ ಮಾಡಿ ಬದುಕುವ, ರಕ್ತಸಂಬಂಧವಿಲ್ಲದ ಕುಟುಂಬವೊಂದರ ಈ ಚಿತ್ರದಲ್ಲಿ ಪೊಲೀಸ್ ವಿಚಾರಣೆಯ ದೃಶ್ಯವನ್ನು ತಪ್ಪದೆ ಅಭ್ಯಾಸ ಮಾಡಬೇಕು. ಪ್ರಶ್ನೆಗಳನ್ನು ನಿರ್ದೇಶಕರು ಫಲಕದ ಮೇಲೆ ಬರೆದು ವಿಚಾರಣಾಧಿಕಾರಿಯ ಪಾತ್ರಧಾರಿಗೆ ಮಾತ್ರ ತೋರಿಸುತ್ತಿದ್ದರು. ಉತ್ತರಿಸಬೇಕಾದ ಸಕುರಾ ಆಂಡೊ ಅವರಿಗೆ ಮುಂದಿನ ಪ್ರಶ್ನೆ ಏನೆಂಬುದು ತಿಳಿದಿರಲಿಲ್ಲ. ಮಕ್ಕಳು ನಿನ್ನನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿದಾಗ ಆಕೆ ಮಾತು ಸಿಗದೆ, ಅಂಗೈಯಿಂದ ಮುಖವನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತಾಳೆ. ಇನಾ ಶಾಲೆಯಲ್ಲಿ ಮಕ್ಕಳ ಎದುರು ಕಾದು ಕುಳಿತ ಕ್ಯಾಮೆರಾದ ತಾಳ್ಮೆಯೇ ಇಲ್ಲಿಯೂ ಕೆಲಸ ಮಾಡಿದೆ.

‘ಮಾನ್‌ಸ್ಟರ್’ (2023) ಈಚಿನ ಈ ಚಿತ್ರಗಳಿಗಿಂತ ಭಿನ್ನ: ಅದರ ಚಿತ್ರಕಥೆ ಯೂಜಿ ಸಕಾಮೊಟೊ ಅವರದು, ಆ ಚಿತ್ರಕಥೆಗೇ ಕಾನ್ ಪ್ರಶಸ್ತಿ ಸಂದದ್ದು. ಹೊಸದಾಗಿ ನೋಡುವವರು ಇದರಿಂದ ಆರಂಭಿಸದೆ, ‘ಮಾಬೊರೊಸಿ’ ಮತ್ತು ‘ನೋಬಡಿ ನೋಸ್’ ಚಿತ್ರಗಳನ್ನು ಒಂದರ ಹಿಂದೊಂದು ನೋಡಿ, ಮೊದಲನೆಯದರಲ್ಲಿ ಕ್ಯಾಮೆರಾ ಎಷ್ಟು ದೂರದಲ್ಲಿ ನಿಂತಿದೆ, ಎರಡನೆಯದರಲ್ಲಿ ಯಾರ ಕೈಕಾಲುಗಳ ಹತ್ತಿರ ಬಂದಿದೆ ಎಂದು ದೃಶ್ಯವಾರು ಗುರುತು ಹಾಕಿಕೊಳ್ಳುವುದು ಒಳ್ಳೆಯದು.