ಸಮೂಹ ರೋಗನಿರೋಧಕ ಶಕ್ತಿ: ಇದರಲ್ಲಿ ‘ಶಕ್ತಿ’ ಯಾರದು?

ದಡಾರ ಎಲ್ಲಿಯಾದರೂ ಭುಗಿಲೆದ್ದಿತೆಂದರೆ ಅದರ ಹಿಂದೆಯೇ ಮಕ್ಕಳಿಗೆ ಲಸಿಕೆ ಹಾಕಿಸದ ತಂದೆತಾಯಿಗಳ ಕುರಿತ ಚರ್ಚೆಯೂ ಭುಗಿಲೇಳುತ್ತದೆ. ಮೊನ್ನೆ ಅಂಥದ್ದೊಂದನ್ನು ನೋಡುತ್ತಿದ್ದೆ. ಲಸಿಕೆ ಬೇಡವೆನ್ನುವ ತಂದೆಯೊಬ್ಬರು, ‘ನನ್ನ ಮಗಳಿಗೆ ಸಮೂಹ ರೋಗನಿರೋಧಕ ಶಕ್ತಿ ಚೆನ್ನಾಗಿದೆ’ ಎಂದರು. ಎದುರಿಗಿದ್ದವರು, ‘ಇಲ್ಲ, ಲಸಿಕೆ ಹಾಕಿಸದ ಮಗುವಿಗೆ ಅದು ಕಡಿಮೆ’ ಎಂದು ವಾದಿಸಿದರು. ನಿರೂಪಕರು ಇಬ್ಬರ ಮಾತಿಗೂ ತಲೆಯಾಡಿಸಿದರು. ಗುಂಪಿನಲ್ಲಿ ಸಾಕಷ್ಟು ಮಂದಿಗೆ ರಕ್ಷಣೆಯಿದ್ದಾಗ ರೋಗಕ್ಕೆ ಹರಡಲು ದಾರಿ ಸಿಗದೆ ಉಳಿದವರೂ ಪಾರಾಗುವುದಕ್ಕೆ ಆ ಹೆಸರು. ಅದು ಗುಂಪಿನ ಗುಣ. ಒಂದು ಮಗುವಿಗೆ ಸಮೂಹ ರೋಗನಿರೋಧಕ ಶಕ್ತಿ ಹೆಚ್ಚೂ ಇರುವುದಿಲ್ಲ, ಕಡಿಮೆಯೂ ಇರುವುದಿಲ್ಲ. ‘ನನ್ನ ಮಗಳಿಗೆ ಜನಸಾಂದ್ರತೆ ಚೆನ್ನಾಗಿದೆ’ ಎಂದು ಯಾರಾದರೂ ಹೇಳಿದರೆ ನಗುತ್ತೇವೆ. ಇದೂ ಅದೇ ಜಾತಿಯ ಮಾತು, ಆದರೆ ಯಾರೂ ನಗುವುದಿಲ್ಲ.

ತಪ್ಪಿನಲ್ಲಿ ದೊಡ್ಡ ಪಾಲು ನಮ್ಮ ಅನುವಾದದ್ದು. ‘ರೋಗನಿರೋಧಕ’ದವರೆಗೆ ತಕರಾರಿಲ್ಲ. ಸಂಸ್ಕೃತದ ರುಧ್ ಧಾತುವೆಂದರೆ ತಡೆ, ನಿರೋಧವೆಂದರೆ ತಡೆಯುವಿಕೆ. (ವಿರೋಧವೂ ಅದೇ ಧಾತುವಿನ ಮಗು. ಲಸಿಕೆಯ ವಿರೋಧ, ರೋಗದ ನಿರೋಧ ಎರಡೂ ಒಂದೇ ಮನೆಯಲ್ಲಿ ಹುಟ್ಟಿ ಬೇರೆ ಬೇರೆ ಪಕ್ಷ ಸೇರಿವೆ.) ತೊಂದರೆ ಅದರ ಬಾಲಕ್ಕೆ ಕಟ್ಟಿದ ‘ಶಕ್ತಿ’ಯದು. ಇಂಗ್ಲಿಷಿನ ‘ಇಮ್ಯುನಿಟಿ’ಯೊಳಗೆ ಶಕ್ತಿಯ ಸುಳಿವೂ ಇಲ್ಲ. ಅದನ್ನು ಕನ್ನಡಕ್ಕೆ ತಂದವರು ‘ನಿರೋಧಕ’ವನ್ನು ಒಂಟಿಯಾಗಿ ಬಿಡಲು ಮನಸ್ಸಾಗದೆ ಜೊತೆಗೆ ಶಕ್ತಿಯನ್ನು ಕಳುಹಿಸಿಕೊಟ್ಟಿರಬೇಕು.

ಮೂಲ ಲ್ಯಾಟಿನ್ ಪದ ‘ಇಮ್ಯೂನಿಸ್’. ‘ಮೂನುಸ್’ ಎಂದರೆ ಪ್ರಜೆಯ ಮೇಲಿರುವ ಸಾರ್ವಜನಿಕ ಹೊರೆ: ತೆರಿಗೆ, ಸೇವೆ, ಕಟ್ಟುಪಾಡು. ಆ ಹೊರೆ ಇಲ್ಲದವನು ಇಮ್ಯೂನಿಸ್. ರೋಮನ್ ಸೈನ್ಯದಲ್ಲಿ ಹಳ್ಳ ತೋಡುವ, ಕಾವಲು ಕಾಯುವ ದಿನನಿತ್ಯದ ದುಡಿಮೆಯಿಂದ ಬಿಡುಗಡೆ ಪಡೆದ ಕುಶಲಕರ್ಮಿ ಸೈನಿಕರನ್ನೂ ಹೀಗೆಯೇ ಕರೆಯುತ್ತಿದ್ದರು. ಅವರು ಉಳಿದವರಿಗಿಂತ ಬಲಶಾಲಿಗಳೆಂದು ಅದರ ಅರ್ಥವಲ್ಲ. ಅವರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ. ರಾಯಭಾರಿಗಳಿಗೆ ಪರದೇಶದ ಕಾನೂನಿನಿಂದ ಸಿಗುವ ರಕ್ಷಣೆಗೆ ಇಂಗ್ಲಿಷಿನಲ್ಲಿ ಇಂದಿಗೂ ಇದೇ ಪದವಿದೆ. ಅದನ್ನು ನಾವು ‘ರಾಜತಾಂತ್ರಿಕ ವಿನಾಯಿತಿ’ ಎಂದು ಸರಿಯಾಗಿಯೇ ಅನುವಾದಿಸಿದ್ದೇವೆ. ‘ರಾಯಭಾರಿಯ ಕಾನೂನುನಿರೋಧಕ ಶಕ್ತಿ’ ಎಂದು ಯಾವ ಪತ್ರಿಕೆಯೂ ಬರೆದಿಲ್ಲ. ವೈದ್ಯರು ಈ ಪದವನ್ನು ಕಾನೂನಿನವರಿಂದ ಕಡ ತಂದು 19ನೇ ಶತಮಾನದ ಕೊನೆಯ ಹೊತ್ತಿಗೆ ತಮ್ಮದಾಗಿ ಮಾಡಿಕೊಂಡರು. ರೋಗವೆಂಬ ಕಂದಾಯದಿಂದ ಬಿಡುಗಡೆ ಎನ್ನುವುದು ಅವರ ಮನಸ್ಸಿನಲ್ಲಿದ್ದ ಚಿತ್ರ.

ಈ ಚಿತ್ರ ಕನ್ನಡಕ್ಕೆ ಪರಕೀಯವೇನಲ್ಲ. ನಮ್ಮ ದಾನಶಾಸನಗಳಲ್ಲಿ ‘ಸರ್ವಬಾಧಾಪರಿಹಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಭೂಮಿಯನ್ನು ಎಲ್ಲ ತೆರಿಗೆ, ಕಿರುಕುಳಗಳಿಂದ ಬಿಡಿಸಿ ಕೊಟ್ಟಿದ್ದೇವೆ ಎಂದು ಅದರ ಅರ್ಥ. ಅಲ್ಲಿ ಬಾಧೆಯೆಂದರೆ ತೆರಿಗೆ, ಇಲ್ಲಿ ರೋಗಬಾಧೆ. ಇಮ್ಯೂನಿಸ್ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ಸಿಗುವುದು ಕಷ್ಟ. ಇನ್ನೊಂದು ಸ್ವಾರಸ್ಯವೂ ಇದೆ. ಅದೇ ‘ಮೂನುಸ್’ನಿಂದ ‘ಕೊಮ್ಯೂನಿಸ್’ ಎಂಬ ಪದ ಬಂತು. ಹೊರೆಯನ್ನು ಹಂಚಿಕೊಂಡವರು ಎಂದು ಅದರ ಮೂಲಾರ್ಥ. ಇಂಗ್ಲಿಷಿನಲ್ಲಿ ಸಮುದಾಯಕ್ಕಿರುವ ‘ಕಮ್ಯುನಿಟಿ’ ಹುಟ್ಟಿದ್ದು ಅದರಿಂದ. ಹೊರೆಯಿಂದ ಪಾರಾದವರಿಗೊಂದು ಪದ, ಹೊರೆ ಹಂಚಿಕೊಂಡವರಿಗೊಂದು ಪದ, ಎರಡಕ್ಕೂ ಒಂದೇ ಬೇರು. ಲಸಿಕೆಯ ಜಗಳವೆಲ್ಲ ಈ ಎರಡರ ನಡುವೆಯೇ ನಡೆಯುತ್ತಿದೆ.

ಈಗ ‘ಶಕ್ತಿ’ ಮಾಡಿದ ಅನಾಹುತ ನೋಡಿ. ಶಕ್ತಿ ಎಂದೊಡನೆ ನಮಗೆ ಅದನ್ನು ಹೆಚ್ಚಿಸುವ ಆಸೆ ಹುಟ್ಟುತ್ತದೆ. ಕಷಾಯ, ಪುಡಿ, ಮಾತ್ರೆ ಮಾರುವವರೆಲ್ಲ ಆ ಆಸೆಯ ಮೇಲೆಯೇ ಅಂಗಡಿ ಇಟ್ಟಿದ್ದಾರೆ. ‘ನನ್ನ ಮಗು ಗಟ್ಟಿಮುಟ್ಟಾಗಿದೆ, ನೆಗಡಿಯೂ ಬರುವುದಿಲ್ಲ, ಅದಕ್ಕೆ ಲಸಿಕೆ ಏಕೆ?’ ಎಂಬ ಪ್ರಶ್ನೆಯೂ ಅಲ್ಲಿಂದಲೇ ಬರುತ್ತದೆ. ಆದರೆ ದಡಾರದ ವೈರಸ್ಸಿನ ಮುಂದೆ ಮಗುವಿಗೆ ಬೇಕಾದದ್ದು ಮೈಕಟ್ಟಲ್ಲ, ದೇಹದ ರಕ್ಷಣಾ ಕೋಶಗಳಿಗೆ ಆ ಒಂದು ವೈರಸ್ಸಿನ ಗುರುತು. ಗುರುತು ಸಿಗುವುದಕ್ಕೆ ಎರಡೇ ದಾರಿ: ಲಸಿಕೆ ಅಥವಾ ರೋಗ. ಮಂಗನಬಾವಿನ ಗುರುತು ದಡಾರಕ್ಕೆ ಉಪಯೋಗವಿಲ್ಲ. ದಡಾರಕ್ಕಂತೂ ಇನ್ನೊಂದು ಕೆಟ್ಟ ಗುಣವಿದೆ. ಅದು ದೇಹದ ರಕ್ಷಣಾ ಕೋಶಗಳನ್ನೇ ಹಿಡಿಯುವುದರಿಂದ ಬೇರೆ ರೋಗಗಳ ವಿರುದ್ಧ ಮಗು ಆಗಲೇ ಗಳಿಸಿದ್ದ ಗುರುತುಗಳಲ್ಲೂ ಹಲವು ಅಳಿಸಿಹೋಗುತ್ತವೆ. ‘ಒಮ್ಮೆ ಬಂದುಹೋದರೆ ಮಗು ಗಟ್ಟಿಯಾಗುತ್ತದೆ’ ಎನ್ನುವವರು ಇದನ್ನು ಎರಡು ಸಲ ಓದಬೇಕು.

‘ಸಮೂಹ’ದ ಕತೆ ಬೇರೆ. ಇಂಗ್ಲಿಷಿನಲ್ಲಿ ಅದು ‘ಹರ್ಡ್’, ಎಂದರೆ ಹಿಂಡು. ‘ನಮ್ಮನ್ನೇನು ದನಗಳೆಂದುಕೊಂಡಿದ್ದೀರಾ?’ ಎಂದು ಸಿಟ್ಟಾಗುವವರಿದ್ದಾರೆ. ಸಿಟ್ಟಾಗಲಿ, ಪದ ಬಂದದ್ದು ದನಗಳಿಂದಲೇ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಹಸುಗಳಲ್ಲಿ ಗರ್ಭಪಾತ ತರುವ ಸೋಂಕೊಂದು ಹಬ್ಬಿತ್ತು. ಸೋಂಕಿತ ಹಸುಗಳನ್ನು ತೆಗೆದುಹಾಕಿ ಹೊಸ ಹಸುಗಳನ್ನು ತಂದರೆ ರೋಗ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಚೇತರಿಸಿಕೊಂಡ ಹಸುಗಳನ್ನು ಉಳಿಸಿಕೊಂಡು, ಹೊರಗಿನಿಂದ ತರುವುದನ್ನು ನಿಲ್ಲಿಸಿದರೆ ಹಿಂಡಿನಲ್ಲಿ ರೋಗ ತಾನಾಗಿ ಇಳಿಯುತ್ತದೆ ಎಂಬುದನ್ನು ಪಶುವೈದ್ಯರು ಕಂಡುಕೊಂಡರು. 1923ರಲ್ಲಿ ಟಾಪ್ಲಿ ಮತ್ತು ವಿಲ್ಸನ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಇಲಿಗಳ ಮೇಲಿನ ತಮ್ಮ ಪ್ರಯೋಗಗಳ ಬರಹದಲ್ಲಿ ಈ ಪದವನ್ನೇ ಬಳಸಿದರು. ಅಲ್ಲಿಂದ ಅದು ಮನುಷ್ಯರಿಗೆ ಬಂತು.

ಇಲ್ಲಿ ಜಾಣರೊಬ್ಬರು ಎದ್ದು ನಿಂತು, ‘ನೋಡಿ, ಹಸುಗಳಿಗೆ ಲಸಿಕೆ ಹಾಕಿರಲಿಲ್ಲ, ರೋಗ ಬಂದು ಹೋಗಿಯೇ ರಕ್ಷಣೆ ಸಿಕ್ಕಿತು’ ಎನ್ನುತ್ತಾರೆ. ನಿಜ. ಎಷ್ಟು ಕರುಗಳನ್ನು ಕಳೆದುಕೊಂಡ ಮೇಲೆ ಎಂಬ ಲೆಕ್ಕವನ್ನೂ ಅವರೇ ಹೇಳಬೇಕು. ಅದಿರಲಿ. ಬರೀ ರೋಗದಿಂದಲೇ ಸಮೂಹ ರಕ್ಷಣೆ ಬಂದು ನಿಲ್ಲುವುದಾಗಿದ್ದರೆ ದಡಾರ ಎಂದೋ ಮಾಯವಾಗಬೇಕಿತ್ತು. 1963ರಲ್ಲಿ ಅಮೆರಿಕದಲ್ಲಿ ಲಸಿಕೆ ಬರುವ ಮುನ್ನ ಅಲ್ಲಿನ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ 15 ವರ್ಷ ತುಂಬುವುದರೊಳಗೆ ದಡಾರ ಬಂದುಹೋಗುತ್ತಿತ್ತು. ವರ್ಷಕ್ಕೆ 30ರಿಂದ 40 ಲಕ್ಷ ಮಂದಿಗೆ ಸೋಂಕು, ವರದಿಯಾದ ಸಾವುಗಳೇ 400ರಿಂದ 500. ಇಷ್ಟಾಗಿಯೂ ಎರಡು ಮೂರು ವರ್ಷಕ್ಕೊಮ್ಮೆ ಅಲೆ ತಪ್ಪುತ್ತಿರಲಿಲ್ಲ, ಏಕೆಂದರೆ ಮಕ್ಕಳು ಹುಟ್ಟುತ್ತಲೇ ಇದ್ದರು. ಹೊರಗಿನ ಹಸುವನ್ನು ತಡೆಯಬಹುದು, ತೊಟ್ಟಿಲನ್ನು ತಡೆಯಲಾಗುವುದಿಲ್ಲ.

ಗುಂಪಿನಲ್ಲಿ ಶೇಕಡಾ ಎಷ್ಟು ಮಂದಿಗೆ ರಕ್ಷಣೆ ಇರಬೇಕೆಂಬ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ರಕ್ಷಣೆಯೇ ಇಲ್ಲದ ಜನರ ನಡುವೆ ಒಬ್ಬ ದಡಾರದ ರೋಗಿ ಸರಾಸರಿ 12ರಿಂದ 18 ಮಂದಿಗೆ ಸೋಂಕು ದಾಟಿಸುತ್ತಾನೆ. ದದ್ದು ಕಾಣಿಸಿಕೊಳ್ಳುವುದಕ್ಕೆ ನಾಲ್ಕು ದಿನ ಮೊದಲೇ ದಾಟಿಸಲು ಶುರುಮಾಡುತ್ತಾನೆ, ಆದ್ದರಿಂದ ‘ಹುಷಾರು ತಪ್ಪಿದರೆ ಮನೆಯಲ್ಲೇ ಇರಿಸಿಕೊಳ್ಳುತ್ತೇವೆ’ ಎಂಬ ಭರವಸೆಗೆ ಬೆಲೆಯಿಲ್ಲ. ಒಬ್ಬನಿಂದ 12 ಜನಕ್ಕೆ ಎಂದಾದರೆ ಆ 12ರಲ್ಲಿ 11 ಮಂದಿಗಾದರೂ ರಕ್ಷಣೆ ಇರಬೇಕು, ಆಗ ಸರಪಳಿ ಬೆಳೆಯುವುದಿಲ್ಲ. ಅದು ಶೇ 92ರ ಹತ್ತಿರ. 18 ಎಂದಾದರೆ ಶೇ 94ಕ್ಕಿಂತ ಹೆಚ್ಚು. ಎರಡು ಡೋಸ್ ಲಸಿಕೆಯೂ ನೂರರಲ್ಲಿ ಸುಮಾರು 97 ಮಂದಿಗೆ ಮಾತ್ರ ರಕ್ಷಣೆ ಕೊಡುವುದರಿಂದ ಎಲ್ಲರೂ ಹೇಳುವ ಗುರಿ ಶೇ 95. ಪೋಲಿಯೊಗೆ ಅಷ್ಟು ಬೇಕಿಲ್ಲ, ಶೇ 80ರ ಆಸುಪಾಸು ಸಾಕು. ಹೀಗಾಗಿ ‘ಸಮೂಹ ರೋಗನಿರೋಧಕ ಶಕ್ತಿಗೆ ಶೇ ಇಷ್ಟು ಬೇಕು’ ಎಂದು ರೋಗದ ಹೆಸರೇ ಇಲ್ಲದೆ ಬರೆಯುವ ವಾಕ್ಯಕ್ಕೆ ಅರ್ಥವಿಲ್ಲ.

ಸರಾಸರಿಯ ಮೋಸ ಇನ್ನೂ ದೊಡ್ಡದು. ದೇಶದಲ್ಲಿ ಶೇ 93, ರಾಜ್ಯದಲ್ಲಿ ಶೇ 94 ಎಂದು ನೆಮ್ಮದಿಯಾಗಿರುತ್ತೇವೆ. ವೈರಸ್ ದೇಶವನ್ನು ಹೊಕ್ಕುವುದಿಲ್ಲ, ಒಂದು ತರಗತಿಯ ಕೋಣೆಯನ್ನು ಹೊಕ್ಕುತ್ತದೆ. 2025ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ದಡಾರ ಹಬ್ಬಿದಾಗ ಕೇಂದ್ರವಾಗಿದ್ದ ಗೇನ್ಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಶಾಲೆಗೆ ಹೊಸದಾಗಿ ಸೇರಿದ ಮಕ್ಕಳ ಪೈಕಿ ಲಸಿಕೆ ಪಡೆದವರು ಸುಮಾರು ಶೇ 82. ಆ ರಾಜ್ಯದಲ್ಲಿ 762 ಪ್ರಕರಣಗಳು ದಾಖಲಾದವು. ಲಸಿಕೆ ಪಡೆಯದ, ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ತೀರಿಕೊಂಡರು. ಒಂದೇ ನಂಬಿಕೆಯವರು ಒಂದೇ ಕಡೆ ನೆಲೆಸುತ್ತಾರೆ, ಒಂದೇ ಶಾಲೆಗೆ ಮಕ್ಕಳನ್ನು ಕಳುಹಿಸುತ್ತಾರೆ. ಸಮೂಹವೆಂದರೆ ಆ ಶಾಲೆಯೇ ಹೊರತು ನಕ್ಷೆಯಲ್ಲಿನ ಗೆರೆಯಲ್ಲ.

ನಿರಾಕರಿಸುವವರನ್ನೆಲ್ಲ ಒಂದೇ ಬುಟ್ಟಿಗೆ ಹಾಕುವುದೂ ಪದದ ದುರ್ಬಳಕೆಯಷ್ಟೇ ಸೋಮಾರಿತನ. ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಸಮೋವಾದಲ್ಲಿ 2018ರಲ್ಲಿ ಎರಡು ಕೂಸುಗಳು ಲಸಿಕೆ ಹಾಕಿದ ಕೆಲವೇ ನಿಮಿಷಗಳಲ್ಲಿ ಸತ್ತವು. ಲಸಿಕೆಯ ಪುಡಿಗೆ ನೀರಿನ ಬದಲು ಸ್ನಾಯು ಸಡಿಲಿಸುವ ಔಷಧಿಯನ್ನು ತಪ್ಪಾಗಿ ಬೆರೆಸಿದ್ದರು. ಲಸಿಕೆ ಕಾರ್ಯಕ್ರಮ ತಿಂಗಳುಗಟ್ಟಲೆ ನಿಂತಿತು, ಅಪಪ್ರಚಾರಕ್ಕೆ ಬಾಗಿಲು ತೆರೆಯಿತು. ಅಲ್ಲಿನ ತಾಯಿ ಹೆದರಿದರೆ ಅದನ್ನು ಮೂರ್ಖತನವೆನ್ನಲು ನನಗೆ ಬಾಯಿ ಬರುವುದಿಲ್ಲ. ಮರುವರ್ಷ ದಡಾರ ಬಂದಾಗ ಎರಡು ಲಕ್ಷ ಜನರ ಆ ದೇಶದಲ್ಲಿ 83 ಮಂದಿ ಸತ್ತರು, ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರಿನಲ್ಲಿ ಸರ್ಕಾರ ಎರಡು ದಿನ ಕಚೇರಿಗಳನ್ನು ಮುಚ್ಚಿ ಮನೆಮನೆಗೆ ಲಸಿಕೆ ಹಾಕುವವರನ್ನು ಕಳುಹಿಸಿತು. ಲಸಿಕೆ ಆಗಬೇಕಾದವರಿದ್ದ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಬೇಕೆಂದು ಹೇಳಲಾಗಿತ್ತು.

ವಿನಾಯಿತಿಯ ಮಾತಿಗೆ ಮರಳೋಣ, ಏಕೆಂದರೆ ಚರ್ಚೆಯಲ್ಲಿ ಇದು ಇನ್ನೊಂದು ವೇಷದಲ್ಲಿ ಬರುತ್ತದೆ. ಇಂಗ್ಲೆಂಡಿನಲ್ಲಿ 1853ರ ಕಾಯ್ದೆ ಕೂಸುಗಳಿಗೆ ಸಿಡುಬಿನ ಲಸಿಕೆಯನ್ನು ಕಡ್ಡಾಯ ಮಾಡಿತ್ತು. ದಶಕಗಳ ಪ್ರತಿಭಟನೆಯ ನಂತರ 1898ರ ಕಾಯ್ದೆ ಆತ್ಮಸಾಕ್ಷಿಯ ಕಾರಣಕ್ಕೆ ಬೇಡವೆನ್ನುವ ಪೋಷಕರಿಗೆ ವಿನಾಯಿತಿ ಕೊಟ್ಟಿತು. ‘ಆತ್ಮಸಾಕ್ಷಿಯ ಆಕ್ಷೇಪಕ’ ಎಂದರೆ ಈಗ ಎಲ್ಲರಿಗೂ ಯುದ್ಧಕ್ಕೆ ಹೋಗಲೊಪ್ಪದ ಯುವಕನೇ ನೆನಪಾಗುತ್ತಾನೆ. ಆ ಮಾತು ಅಲ್ಲಿ ಬಳಕೆಗೆ ಬಂದು ನೆಲೆಯೂರಿದ್ದು ಮಗುವಿನ ತೋಳಿನ ವಿಚಾರದಲ್ಲಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ವಿನಾಯಿತಿ ಇನ್ನೂ ಇದೆ. ಆದರೆ ಕ್ಯಾಲಿಫೋರ್ನಿಯಾ, ಡಿಸ್ನಿಲ್ಯಾಂಡಿನಿಂದ ಹಬ್ಬಿದ ದಡಾರದ ನಂತರ, 2015ರ ಕಾನೂನಿನ ಮೂಲಕ ವೈಯಕ್ತಿಕ ನಂಬಿಕೆಯ ವಿನಾಯಿತಿಯನ್ನು ತೆಗೆದುಹಾಕಿತು. ವೈದ್ಯಕೀಯ ಕಾರಣದ ವಿನಾಯಿತಿಯನ್ನು ಉಳಿಸಿಕೊಂಡಿತು.

ಆ ಎರಡನೆಯ ವಿನಾಯಿತಿ ಯಾರಿಗೆಂದು ಕೇಳಿದರೆ ಪದ ತಾನೇ ಬಿಡಿಸಿಕೊಳ್ಳುತ್ತದೆ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಗುವಿಗೆ ದಡಾರದ ಲಸಿಕೆ ಹಾಕುವಂತಿಲ್ಲ, ಏಕೆಂದರೆ ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಆರು ತಿಂಗಳ ಕೂಸಿಗೆ ಸಾಮಾನ್ಯವಾಗಿ ಇನ್ನೂ ಸರದಿ ಬಂದಿರುವುದಿಲ್ಲ. ಲಸಿಕೆ ಪಡೆದೂ ರಕ್ಷಣೆ ಸಿಗದ ಆ ನೂರರಲ್ಲಿ ಮೂವರು ಯಾರೆಂದು ಅವರಿಗೇ ಗೊತ್ತಿರುವುದಿಲ್ಲ. ಸಮೂಹ ರಕ್ಷಣೆ ಎಂದರೆ ಉಳಿದವರು ಸೇರಿ ಇವರಿಗೆ ಮಾಡಿಕೊಟ್ಟ ಸರ್ವಬಾಧಾಪರಿಹಾರ. ಲಸಿಕೆ ಹಾಕಿಸಬಹುದಾದ ಮಗುವಿನ ಪೋಷಕರು ‘ಹೇಗೂ ಎಲ್ಲರೂ ಹಾಕಿಸಿದ್ದಾರಲ್ಲ’ ಎಂದು ಇದೇ ಪಟ್ಟಿಯಲ್ಲಿ ಹೆಸರು ಬರೆಸುವುದಕ್ಕೆ ಕನ್ನಡದಲ್ಲಿ ಪಾರಿಭಾಷಿಕ ಪದವೇನೂ ಬೇಡ. ಗುಂಪಿನಲ್ಲಿ ಗೋವಿಂದ ಎಂಬ ಮಾತಿದೆ.

ನನ್ನ ಕೇಳಿಕೆ ಸಣ್ಣದು. ಬರೆಯುವವರು ‘ಸಮೂಹ ರಕ್ಷಣೆ’ ಎಂದು ಬರೆಯಲಿ. ಶಕ್ತಿ ಹೋಗುತ್ತದೆ, ಶೀರ್ಷಿಕೆಯಲ್ಲಿ ಜಾಗವೂ ಉಳಿಯುತ್ತದೆ. ಹಾಗೆ ಬರೆಯುವಾಗಲೂ ಎಲ್ಲ ಲಸಿಕೆಗಳನ್ನು ಒಂದೇ ಸಾಲಿನಲ್ಲಿ ಕೂರಿಸುವುದು ಬೇಡ. ಧನುರ್ವಾಯು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ಅದರ ಬೀಜಾಣುಗಳು ಮಣ್ಣಿನಲ್ಲಿವೆ. ಊರಿಗೆ ಊರೇ ಲಸಿಕೆ ಹಾಕಿಸಿಕೊಂಡರೂ ತುಕ್ಕು ಹಿಡಿದ ಮೊಳೆ ತುಳಿದ, ಲಸಿಕೆ ಪಡೆಯದ ಮಗುವಿಗೆ ಅದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ‘ಸಮೂಹ ರೋಗನಿರೋಧಕ ಶಕ್ತಿಯಿಂದ ಧನುರ್ವಾಯು ನಿಯಂತ್ರಣಕ್ಕೆ ಬಂದಿದೆ’ ಎಂಬ ವಾಕ್ಯವನ್ನು ಈ ವರ್ಷವೇ ಎರಡು ಕಡೆ ಓದಿದ್ದೇನೆ.