ಮಾಸಿನ ತೊಂದರೆ: ಊಹೆಯಿಂದ ಅಳತೆಯವರೆಗೆ

ಬಸುರಿಗೆ ನೋವಿಲ್ಲದೆ ರಕ್ತಸ್ರಾವವಾದರೆ, ಮಗುವಿಗೆ ತಾಯಿಯಿಂದ ಆಹಾರ, ಆಮ್ಲಜನಕ ಒದಗಿಸುವ ಮಾಸು (ಪ್ಲಾಸೆಂಟಾ) ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿರಬಹುದೆಂಬ ಶಂಕೆ ಹಿಂದಿನ ವೈದ್ಯರಿಗೂ ಬರುತ್ತಿತ್ತು. ಖಚಿತಪಡಿಸಿಕೊಳ್ಳುವುದೇ ಅಪಾಯವಾಗಿತ್ತು. ಬೆರಳಿನಿಂದ ಪರೀಕ್ಷಿಸಿದರೆ ರಕ್ತ ಇನ್ನಷ್ಟು ಹರಿಯಬಹುದೆಂದು, ಸಿಸೇರಿಯನ್‌ಗೆ ಎಲ್ಲ ಸಿದ್ಧಪಡಿಸಿಕೊಂಡು ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಪರೀಕ್ಷಿಸುತ್ತಿದ್ದರು. ಎಕ್ಸ್-ರೇ ತೆಗೆದರೆ ಮಗುವಿಗೆ ವಿಕಿರಣ ತಗಲುತ್ತಿತ್ತು.

1955ರಲ್ಲಿ ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್, ಲೋಹದ ಬಿರುಕು ಹುಡುಕುವ ಕಾರ್ಖಾನೆಯ ಶಬ್ದತರಂಗ ಯಂತ್ರದಲ್ಲಿ, ರೋಗಿಗಳ ಹೊಟ್ಟೆಯಿಂದ ತೆಗೆದ ಗೆಡ್ಡೆಗಳನ್ನು ಪರೀಕ್ಷಿಸಿದರು. 1958ರಲ್ಲಿ ಈ ವಿಧಾನದ ಕುರಿತ ಅವರ ತಂಡದ ಪ್ರಬಂಧ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 1960ರ ದಶಕ ಮುಗಿಯುವ ಮೊದಲೇ ಮಾಸು ಎಲ್ಲಿದೆ ಎಂಬುದು ಪರದೆಯ ಮೇಲೆ ಕಾಣತೊಡಗಿತು. ಇಂದು ಇಪ್ಪತ್ತನೇ ವಾರದ ಸ್ಕ್ಯಾನ್‌ನಲ್ಲಿ ‘ಮಾಸು ಕೆಳಗಿದೆ’ ಎಂದಿದ್ದರೆ ಗಾಬರಿಯಾಗಬೇಕಿಲ್ಲ. ಗರ್ಭಕೋಶ ಬೆಳೆದಂತೆ ಬಹುಪಾಲು ಮಾಸುಗಳು ಮೇಲೆ ಸರಿಯುತ್ತವೆ. ಆದರೆ ಹಿಂದೆ ಸಿಸೇರಿಯನ್ ಆಗಿದ್ದರೆ, ಹಳೆಯ ಗಾಯದ ಕಲೆಗೆ ಮಾಸು ಬೇರುಬಿಟ್ಟಿದೆಯೇ ಎಂದು ಅನುಭವಿ ಕಣ್ಣುಗಳೇ ನೋಡಬೇಕು. ಹೆರಿಗೆಯ ಹೊತ್ತಿಗೆ ತಿಳಿದರೆ ತಡವಾಗುತ್ತದೆ.

ಜಾಗ ತಿಳಿದರೂ ಮಾಸು ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆ ಉಳಿಯಿತು. 1977ರಲ್ಲಿ ಡಬ್ಲಿನ್‌ನ ಸಂಶೋಧಕರು ಚಲಿಸುವ ರಕ್ತದಿಂದ ಮರಳುವ ಶಬ್ದತರಂಗದ ಬದಲಾವಣೆ ಗುರುತಿಸುವ ಡಾಪ್ಲರ್ ವಿಧಾನದಿಂದ ಹೊಕ್ಕುಳಬಳ್ಳಿಯ ರಕ್ತದ ಹರಿವನ್ನು ಪತ್ತೆಹಚ್ಚಿದರು. ಆದರೂ ಗರ್ಭಿಣಿಯ ರಕ್ತದೊತ್ತಡ ಏರಿ, ಮೂತ್ರಪಿಂಡ, ಯಕೃತ್ತು, ಮಿದುಳುಗಳನ್ನು ಕೆಡಿಸುವ ಗರ್ಭನಂಜಿನ (ಪ್ರಿ-ಎಕ್ಲಾಂಪ್ಸಿಯಾ) ಕಾರಣ ಸಿಕ್ಕಿರಲಿಲ್ಲ. ಅದರ ಮುಖ್ಯ ಸುಳಿವನ್ನು ಹಿಡಿದುಕೊಟ್ಟವರಲ್ಲಿ ಮೂತ್ರಪಿಂಡ ತಜ್ಞರೊಬ್ಬರಿದ್ದುದು ನನಗೆ ಬಹಳ ಮೆಚ್ಚಿಗೆ. 2003ರಲ್ಲಿ ಬಾಸ್ಟನ್‌ನಲ್ಲಿದ್ದ ಭಾರತ ಮೂಲದ ಆ ತಜ್ಞ ಅನಂತ ಕರುಮಂಚಿ ಅವರ ತಂಡ, ಈ ರೋಗದಲ್ಲಿ ಮಾಸು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ಅತಿಯಾಗಿ ರಕ್ತಕ್ಕೆ ಬಿಡುತ್ತದೆ, ಅದು ರಕ್ತನಾಳಗಳಿಗೆ ಬೇಕಾದ ಪಿಎಲ್‌ಜಿಎಫ್ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದುಬಿಡುತ್ತದೆ ಎಂದು ತೋರಿಸಿತು. ಬಸುರಿ ಇಲಿಗಳಿಗೆ ಆ ಪ್ರೋಟೀನ್ ಕೊಟ್ಟಾಗ ರಕ್ತದೊತ್ತಡ ಏರಿತು.

2016ರ ಅಧ್ಯಯನದಿಂದ ರಕ್ತದಲ್ಲಿ ಪಿಎಲ್‌ಜಿಎಫ್‌ಗೆ ಹೋಲಿಸಿದರೆ ಎಸ್‌ಎಫ್‌ಎಲ್‌ಟಿ-1 ಎಷ್ಟು ಪಟ್ಟಿದೆ ಎಂಬ ಅನುಪಾತಕ್ಕೆ 38 ಎಂಬ ಗಡಿ ಸಿಕ್ಕಿತು. ಶಂಕೆಯಿರುವ ಗರ್ಭಿಣಿಯಲ್ಲಿ ಅದಕ್ಕಿಂತ ಹೆಚ್ಚಿಲ್ಲದಿದ್ದರೆ ಮುಂದಿನ ಒಂದು ವಾರ ಗರ್ಭನಂಜು ಬರುವ ಸಾಧ್ಯತೆ ಶೇ 1ಕ್ಕಿಂತ ಕಡಿಮೆ. ಹೆಚ್ಚಿದ್ದವರಲ್ಲಿ ನಾಲ್ಕು ವಾರಗಳೊಳಗೆ ಕಾಯಿಲೆ ಬಂದದ್ದು ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ. ಈ ಅಂತರವನ್ನು ವೈದ್ಯರು ಕುಟುಂಬಕ್ಕೆ ಬಿಡಿಸಿ ಹೇಳಲೇಬೇಕು: ಈ ಪರೀಕ್ಷೆಯ ಬಲವಿರುವುದು ಧೈರ್ಯ ಹೇಳುವುದರಲ್ಲಿ, ಭವಿಷ್ಯ ನುಡಿಯುವುದರಲ್ಲಲ್ಲ. ಪ್ರತಿ ತಪಾಸಣೆಯಲ್ಲೂ ರಕ್ತದೊತ್ತಡ ಅಳೆಯದೆ, ಮೂತ್ರ ಪರೀಕ್ಷಿಸದೆ ಬಿಟ್ಟರೆ ಈ ಪರೀಕ್ಷೆ ಯಾರಿಗೆ ಬೇಕೆಂಬುದೇ ಗೊತ್ತಾಗುವುದಿಲ್ಲ.